ದ್ರವ್ಯರಾಶಿ, ಗಾತ್ರ, ಸಾಂದ್ರತೆ: ಏಕಮಾನ ತಪ್ಪದೆ ಲೆಕ್ಕ ಹಾಕುವುದು ಹೇಗೆ?

‘ಒಂದು ಲೀಟರ್ ಎಣ್ಣೆ ಎಂದರೆ ಒಂದು ಕೆ.ಜಿ. ಅಲ್ಲವೇ?’ ‘ಕಲ್ಲಿನ ಸಾಂದ್ರತೆ 2.7 ಸರಿಯೋ, 2700 ಸರಿಯೋ?’ ‘ಉತ್ತರದ ಅಂಕಿ ಸರಿಯಿದ್ದರೂ ಮಗಳಿಗೆ ಅರ್ಧ ಅಂಕ ಕಡಿದಿದ್ದಾರೆ, ಏಕೆ?’ ಇಂಥ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಕೇಳುವವರಲ್ಲಿ ಪ್ರೌಢಶಾಲೆಯ ಮಕ್ಕಳಿದ್ದಾರೆ, ಅವರ ಪಾಲಕರಿದ್ದಾರೆ, ಮನೆ ಕಟ್ಟಿಸಲು ಹೊರಟು ಕಬ್ಬಿಣ, ಮರಳಿನ ಲೆಕ್ಕದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರಿಸುವ ಪ್ರಯತ್ನ ಇದು.

ಸೂತ್ರ ಒಂದೇ ಸಾಲಿನದು: ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಇದನ್ನು ಮರೆತವರನ್ನು ನಾನು ಹೆಚ್ಚು ನೋಡಿಲ್ಲ. ಲೆಕ್ಕದ ನಡುವೆ ಏಕಮಾನವನ್ನು ಕೈಬಿಟ್ಟು, ಬರೀ ಅಂಕಿಗಳನ್ನು ಗುಣಿಸಿ ಭಾಗಿಸಿ, ಕೊನೆಗೆ ನೆನಪಾದ ಯಾವುದೋ ಏಕಮಾನವನ್ನು ಅಂಟಿಸುವವರನ್ನು ಮಾತ್ರ ದಿನವೂ ನೋಡುತ್ತೇನೆ. ಹಾಗಾಗಿ ಈ ಲೇಖನದಲ್ಲಿ ಒಂದೇ ಒಂದು ಹಟ ಹಿಡಿಯುತ್ತೇನೆ: ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕದಲ್ಲಿ ಏಕಮಾನ ಇರಲೇಬೇಕು.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ತಕ್ಕಡಿ (ಅಡುಗೆಮನೆಯದೇ ಸಾಕು), ಮಿಲಿಲೀಟರ್ ಗೆರೆಗಳಿರುವ ಅಳತೆ ಜಾಡಿ, ಒಂದು ಸ್ಕೇಲು ಅಥವಾ ಟೇಪು, ಸ್ವಲ್ಪ ತೆಳು ದಾರ, ನೀರು, ಕಾಗದ, ಪೆನ್ಸಿಲ್. ಶಾಲೆಯ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ (ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ) ಸಿಕ್ಕಿದರೆ ಇನ್ನೂ ಒಳ್ಳೆಯದು. ಔಷಧಿ ಅಂಗಡಿಯಲ್ಲಿ ಸಿಗುವ 10 ಮಿಲಿಲೀಟರ್ ಸಿರಿಂಜ್ ಸಣ್ಣ ಪ್ರಮಾಣದ ದ್ರವ ಅಳೆಯಲು ಬಹಳ ಉಪಯೋಗಕ್ಕೆ ಬರುತ್ತದೆ.

1. ಮೊದಲು ಮೂರು ಹೆಸರುಗಳನ್ನು ಬೇರೆ ಮಾಡಿಕೊಳ್ಳಿ

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಏಕಮಾನ ಕಿಲೋಗ್ರಾಂ, ಸಣ್ಣದಕ್ಕೆ ಗ್ರಾಂ. ಗಾತ್ರ ಎಂದರೆ ಆ ವಸ್ತು ಆಕ್ರಮಿಸುವ ಜಾಗ. ಗಣಿತದ ಪುಸ್ತಕದಲ್ಲಿ ಇದನ್ನೇ ಘನಫಲ ಎನ್ನುತ್ತಾರೆ. ಏಕಮಾನ ಘನ ಮೀಟರ್, ಘನ ಸೆಂಟಿಮೀಟರ್, ಲೀಟರ್, ಮಿಲಿಲೀಟರ್. ಸಾಂದ್ರತೆ ಎಂದರೆ ಒಂದು ಘಟಕ ಜಾಗದಲ್ಲಿ ಎಷ್ಟು ದ್ರವ್ಯರಾಶಿ ತುಂಬಿದೆ ಎಂಬುದು. ಅದರ ಏಕಮಾನದಲ್ಲಿ ಯಾವಾಗಲೂ ಎರಡು ಭಾಗಗಳಿರುತ್ತವೆ: ಮೇಲೆ ದ್ರವ್ಯರಾಶಿ, ಕೆಳಗೆ ಗಾತ್ರ. ಸಾಂದ್ರತೆಗೆ ಬರೀ ‘ಗ್ರಾಂ’ ಎಂದೋ ಬರೀ ‘ಘನ ಸೆಂ.ಮೀ.’ ಎಂದೋ ಬರೆದರೆ ಶಿಕ್ಷಕರು ಅಂಕ ಕಡಿಯುವುದು ಇದಕ್ಕೇ.

ತೂಕದ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಭೌತವಿಜ್ಞಾನದಲ್ಲಿ ತೂಕ ಎಂದರೆ ಭೂಮಿ ವಸ್ತುವನ್ನು ಎಳೆಯುವ ಬಲ, ಅದರ ಏಕಮಾನ ನ್ಯೂಟನ್. ಒಂದು ಕೆ.ಜಿ. ವಸ್ತುವಿನ ತೂಕ ಭೂಮಿಯ ಮೇಲೆ ಸುಮಾರು 9.8 ನ್ಯೂಟನ್. ಅಂಗಡಿಯ ತಕ್ಕಡಿ ಬಲವನ್ನೇ ಗ್ರಹಿಸಿದರೂ ಅದನ್ನು ಕೆ.ಜಿ.ಗೆ ಪರಿವರ್ತಿಸಿಯೇ ತೋರಿಸುತ್ತದೆ. ಆದ್ದರಿಂದ ದಿನನಿತ್ಯದ ಲೆಕ್ಕದಲ್ಲಿ ತಕ್ಕಡಿ ತೋರಿಸಿದ್ದನ್ನು ದ್ರವ್ಯರಾಶಿ ಎಂದೇ ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ‘ತೂಕ’ ಎಂದು ಕೇಳಿ ಪಕ್ಕದಲ್ಲಿ ನ್ಯೂಟನ್ ಎಂದಿದ್ದರೆ ಮಾತ್ರ ಎಚ್ಚರ.

2. ಲೆಕ್ಕಕ್ಕೆ ಕೂರುವ ಮೊದಲೇ ಏಕಮಾನಗಳ ಜೋಡಿ ಆರಿಸಿ

ಬಳಕೆಯಲ್ಲಿರುವ ಜೋಡಿಗಳು ಮೂರು. ಯಾವುದನ್ನಾದರೂ ಆರಿಸಿ, ಆದರೆ ಮಧ್ಯದಲ್ಲಿ ಬದಲಿಸಬೇಡಿ.

ಗ್ರಾಂ ಮತ್ತು ಘನ ಸೆಂಟಿಮೀಟರ್: ಪ್ರಯೋಗಾಲಯಕ್ಕೆ, ಸಣ್ಣ ವಸ್ತುಗಳಿಗೆ.
ಕೆ.ಜಿ. ಮತ್ತು ಲೀಟರ್: ಎಣ್ಣೆ, ಹಾಲು, ಬಣ್ಣ, ಇಂಧನಕ್ಕೆ.
ಕೆ.ಜಿ. ಮತ್ತು ಘನ ಮೀಟರ್: ಕಟ್ಟಡ, ತೊಟ್ಟಿ, ಲೋಡುಗಟ್ಟಲೆ ಸಾಮಾನಿಗೆ. ಅಂತರರಾಷ್ಟ್ರೀಯ ಪದ್ಧತಿಯ ಅಧಿಕೃತ ಜೋಡಿ ಇದೇ.

ಒಂದು ಸಂತೋಷದ ಸಂಗತಿಯೆಂದರೆ ಮೊದಲ ಎರಡು ಜೋಡಿಗಳಲ್ಲಿ ಸಾಂದ್ರತೆಯ ಅಂಕಿ ಒಂದೇ. 0.91 ಗ್ರಾಂ/ಘನ ಸೆಂ.ಮೀ. ಎಂದರೂ 0.91 ಕೆ.ಜಿ./ಲೀಟರ್ ಎಂದರೂ ಒಂದೇ, ಏಕೆಂದರೆ ಮೇಲೂ ಸಾವಿರ ಪಟ್ಟು, ಕೆಳಗೂ ಸಾವಿರ ಪಟ್ಟು. ಮೂರನೆಯದಕ್ಕೆ ಬಂದಾಗ ಅಂಕಿ ಸಾವಿರ ಪಟ್ಟು ದೊಡ್ಡದಾಗುತ್ತದೆ. ಏಕೆಂದು ಒಮ್ಮೆ ಕೈಯಾರೆ ಬಿಡಿಸಿ ನೋಡಿ:

1 ಗ್ರಾಂ = 0.001 ಕೆ.ಜಿ.
1 ಘನ ಸೆಂ.ಮೀ. = 0.000001 ಘನ ಮೀ.
0.001 ಕೆ.ಜಿ. ÷ 0.000001 ಘನ ಮೀ. = 1000 ಕೆ.ಜಿ./ಘನ ಮೀ.

ಅಂದರೆ ಕಲ್ಲಿನ ಸಾಂದ್ರತೆ 2.7 ಕೂಡ ಸರಿ, 2700 ಕೂಡ ಸರಿ; ಏಕಮಾನವಿಲ್ಲದೆ ಬರೆದರೆ ಎರಡೂ ತಪ್ಪು.

ಇಲ್ಲಿ ಅತಿ ಹೆಚ್ಚು ಜನ ಬೀಳುವ ಗುಂಡಿ ಒಂದಿದೆ. ಒಂದು ಮೀಟರ್‌ಗೆ 100 ಸೆಂ.ಮೀ. ಎಂದು ಗೊತ್ತು, ಆದ್ದರಿಂದ ಒಂದು ಘನ ಮೀಟರ್‌ಗೆ 100 ಘನ ಸೆಂ.ಮೀ. ಎಂದು ಬರೆದುಬಿಡುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟಾಗುವುದರಿಂದ 100 × 100 × 100, ಅಂದರೆ 10,00,000 ಘನ ಸೆಂ.ಮೀ. ಆಗಬೇಕು. ಅಡಿಯ ಲೆಕ್ಕವೂ ಹೀಗೆಯೇ: ಒಂದು ಅಡಿಗೆ 12 ಇಂಚು, ಒಂದು ಘನ ಅಡಿಗೆ 1728 ಘನ ಇಂಚು. ಕೆಳಗಿನವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

1 ಮಿಲಿಲೀಟರ್ = 1 ಘನ ಸೆಂ.ಮೀ.
1 ಲೀಟರ್ = 1000 ಘನ ಸೆಂ.ಮೀ.
1 ಘನ ಮೀಟರ್ = 1000 ಲೀಟರ್
1 ಘನ ಅಡಿ = 28.3 ಲೀಟರ್
1 ಘನ ಮೀಟರ್ = 35.3 ಘನ ಅಡಿ

ಮಳೆಗಾಲದಲ್ಲಿ ದಿನಪತ್ರಿಕೆಗಳಲ್ಲಿ ಕಾಣುವ ಟಿಎಂಸಿ ಕೂಡ ಘನ ಅಡಿಯ ಲೆಕ್ಕವೇ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಒಂದು ಘನ ಮೀಟರ್ ನೀರು ಒಂದು ಟನ್ ಆದ್ದರಿಂದ, 49.45 ಟಿಎಂಸಿ ಹಿಡಿಯುವ ಕೃಷ್ಣರಾಜಸಾಗರ ತುಂಬಿದಾಗ ಅಲ್ಲಿ ನಿಂತಿರುವುದು ಸುಮಾರು 140 ಕೋಟಿ ಟನ್ ನೀರು.

3. ದ್ರವ್ಯರಾಶಿ ಅಳೆಯಿರಿ

ಇದು ಮೂರರಲ್ಲಿ ಸುಲಭದ್ದು. ತಕ್ಕಡಿಯನ್ನು ಸಮತಟ್ಟಾದ ಗಟ್ಟಿ ಜಾಗದಲ್ಲಿಡಿ, ಫ್ಯಾನ್ ಆರಿಸಿ. ದ್ರವವಾದರೆ ಖಾಲಿ ಪಾತ್ರೆ ಇಟ್ಟು ಸೊನ್ನೆಗೆ ತರುವ ಗುಂಡಿ ಒತ್ತಿ, ಆಮೇಲೆ ದ್ರವ ಸುರಿಯಿರಿ. ಆ ಗುಂಡಿ ಇಲ್ಲದಿದ್ದರೆ ಖಾಲಿ ಪಾತ್ರೆಯದನ್ನು ಬರೆದುಕೊಂಡು ಕೊನೆಗೆ ಕಳೆಯಿರಿ. ಪಾತ್ರೆ ಒಣಗಿರಲಿ.

ಅಡುಗೆಮನೆಯ ಎಷ್ಟೋ ತಕ್ಕಡಿಗಳಲ್ಲಿ ಗ್ರಾಂ ಜೊತೆಗೆ ‘ಮಿ.ಲೀ.’ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ನಂಬಿ ಗಾತ್ರ ಅಳೆಯಬೇಡಿ. ತಕ್ಕಡಿಗೆ ಜಾಗವನ್ನು ಅಳೆಯಲು ಬರುವುದಿಲ್ಲ. ಮೇಲಿರುವುದು ನೀರೇ ಎಂದು ಭಾವಿಸಿಕೊಂಡು ಗ್ರಾಂ ಅಂಕಿಯನ್ನೇ ಮಿ.ಲೀ. ಎಂದು ತೋರಿಸುತ್ತದೆ, ಅಷ್ಟೇ. ಒಂದು ಲೀಟರ್ ಎಣ್ಣೆಯನ್ನು ಅದರ ಮೇಲಿಟ್ಟರೆ 910 ಮಿ.ಲೀ. ಆಸುಪಾಸು ತೋರಿಸಿ, ಅಂಗಡಿಯವರೊಡನೆ ಜಗಳಕ್ಕೆ ದಾರಿ ಮಾಡುತ್ತದೆ.

4. ಗಾತ್ರ ಅಳೆಯಿರಿ

ನಿಧಾನ ಬೇಕಾಗುವುದು ಇಲ್ಲಿ. ವಸ್ತುವಿಗೆ ತಕ್ಕಂತೆ ದಾರಿ ಬದಲಾಗುತ್ತದೆ.

ಆಕಾರ ಸರಿಯಾಗಿರುವ ವಸ್ತು. ಇಟ್ಟಿಗೆ, ಪೆಟ್ಟಿಗೆ, ತೊಟ್ಟಿಗಳಿಗೆ ಉದ್ದ × ಅಗಲ × ಎತ್ತರ. ಸಿಲಿಂಡರ್ ಆಕಾರಕ್ಕೆ 3.14 × ತ್ರಿಜ್ಯ × ತ್ರಿಜ್ಯ × ಎತ್ತರ. ಗೋಲಿಗೆ 4/3 × 3.14 × ತ್ರಿಜ್ಯ × ತ್ರಿಜ್ಯ × ತ್ರಿಜ್ಯ. ಕ್ಯಾಲಿಪರ್ಸ್ ಕೊಡುವುದು ವ್ಯಾಸ; ಅರ್ಧ ಮಾಡಲು ಮರೆತರೆ ಸಿಲಿಂಡರಿನ ಗಾತ್ರ ನಾಲ್ಕು ಪಟ್ಟು, ಗೋಲಿಯದು ಎಂಟು ಪಟ್ಟು ಹೆಚ್ಚಾಗುತ್ತದೆ. ಅಂಗಳದ ಸಂಪು 8 ಅಡಿ, 6 ಅಡಿ, 5 ಅಡಿ ಎನ್ನೋಣ: 240 ಘನ ಅಡಿ × 28.3 = ಸುಮಾರು 6800 ಲೀಟರ್. ಒಳ ಅಳತೆ ಹಿಡಿಯಿರಿ, ಗೋಡೆಯ ದಪ್ಪ ಸೇರಿಸಬೇಡಿ.

ದ್ರವ. ಅಳತೆ ಜಾಡಿಗೆ ಸುರಿದು, ಕಣ್ಣನ್ನು ದ್ರವದ ಮಟ್ಟಕ್ಕೇ ಇಳಿಸಿ ಓದಿ. ಗಾಜಿನ ಜಾಡಿಯಲ್ಲಿ ನೀರಿನ ಮೇಲ್ಮೈ ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಿರುತ್ತದೆ. ಓದಬೇಕಾದದ್ದು ಆ ತಗ್ಗಿನ ತಳವನ್ನು. ನಿಂತು ಮೇಲಿನಿಂದ ಬಗ್ಗಿ ನೋಡಿದರೆ ಒಂದೆರಡು ಮಿ.ಲೀ. ಹೆಚ್ಚಾಗಿ ಕಾಣುತ್ತದೆ.

ಆಕಾರವಿಲ್ಲದ ವಸ್ತು. ಕಲ್ಲು, ಬೀಗದ ಕೈ, ಬೋಲ್ಟ್ ಮುಂತಾದವನ್ನು ನೀರಿನಲ್ಲಿ ಮುಳುಗಿಸಿ, ಮಟ್ಟ ಎಷ್ಟು ಏರಿತು ಎಂದು ನೋಡಿ. ಏರಿದಷ್ಟೇ ವಸ್ತುವಿನ ಗಾತ್ರ. ದಾರ ಕಟ್ಟಿ ನಿಧಾನವಾಗಿ ಇಳಿಸಿ, ಎಸೆದರೆ ನೀರು ಚಿಮ್ಮಿ ಲೆಕ್ಕ ಕೆಡುತ್ತದೆ. ವಸ್ತುವಿಗೆ ಅಂಟಿದ ಗಾಳಿಯ ಗುಳ್ಳೆಗಳನ್ನು ದಾರ ಅಲುಗಿಸಿ ಬಿಡಿಸಿ. ಅವೂ ಜಾಗ ತಿನ್ನುತ್ತವೆ. ತೇಲುವ ವಸ್ತುವಾದರೆ (ಬೆಂಡು, ಮರದ ತುಂಡು) ಭಾರದ ಬೋಲ್ಟ್ ಒಂದನ್ನು ಜೊತೆಗೆ ಕಟ್ಟಿ ಮುಳುಗಿಸಿ, ಬೋಲ್ಟಿನ ಗಾತ್ರವನ್ನು ಬೇರೆಯಾಗಿ ಅಳೆದು ಕಳೆಯಿರಿ. ಸಕ್ಕರೆ, ಕಲ್ಲುಪ್ಪು, ಬೆಲ್ಲದಂಥವು ನೀರಿನಲ್ಲಿ ಕರಗುವುದರಿಂದ ನೀರಿನ ಬದಲು ಅಡುಗೆ ಎಣ್ಣೆ ಬಳಸಿ.

ತೀರಾ ಸಣ್ಣ ವಸ್ತು. ಪ್ರಶ್ನೆಗಳು ಹೆಚ್ಚು ಬರುವುದು ಇಲ್ಲಿಂದಲೇ, ಅದೂ ಚಿನ್ನದ ಬಗ್ಗೆ. ಎಂಟು ಗ್ರಾಂನ 22 ಕ್ಯಾರಟ್ ನಾಣ್ಯವೊಂದರ ಗಾತ್ರ ಅರ್ಧ ಘನ ಸೆಂಟಿಮೀಟರಿಗಿಂತ ಕಡಿಮೆ. ಒಂದೊಂದು ಮಿ.ಲೀ.ಗೆ ಗೆರೆಯಿರುವ ಜಾಡಿಯಲ್ಲಿ ಅದನ್ನು ಮುಳುಗಿಸಿದರೆ ಮಟ್ಟ ಏರಿದ್ದೇ ಗೊತ್ತಾಗುವುದಿಲ್ಲ. ರಾಜನ ಚಿನ್ನದ ಕಿರೀಟದಲ್ಲಿ ಕಲಬೆರಕೆ ಇದೆಯೇ ಎಂದು ತಿಳಿಯಲು ಆರ್ಕಿಮಿಡೀಸ್ ಅದನ್ನು ಮುಳುಗಿಸಿ ಉಕ್ಕಿದ ನೀರು ಅಳೆದ ಎಂಬ ಕಥೆಗೂ ಇದೇ ಆಕ್ಷೇಪ ಇದೆ. ಅಷ್ಟು ಒರಟು ವಿಧಾನದಿಂದ ಕಲಬೆರಕೆ ಹಿಡಿಯುವುದು ಕಷ್ಟ ಎಂದು ಗೆಲಿಲಿಯೋ 1586ರಲ್ಲೇ ಬರೆದು, ನೀರಿನಲ್ಲಿ ತೂಗುವ ತಕ್ಕಡಿಯೊಂದನ್ನು ವಿವರಿಸಿದ. ಆ ಉಪಾಯವನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಮಾಡುವ ಬಗೆ ಹೀಗೆ:

ಅ. 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಬೇಕು. ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಉದಾಹರಣೆಗೆ 8.00 ಗ್ರಾಂ.
ಆ. ತಕ್ಕಡಿಯ ಮೇಲೆ ನೀರಿರುವ ಸಣ್ಣ ಲೋಟ ಇಟ್ಟು ಸೊನ್ನೆ ಮಾಡಿ. ಲೋಟ, ನೀರು ಸೇರಿ ತಕ್ಕಡಿಯ ಮಿತಿ ಮೀರದಿರಲಿ.
ಇ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ದಾರವನ್ನು ಮೇಲೆ ಬೇರೊಂದು ಆಧಾರಕ್ಕೆ ತೂಗುಹಾಕಿ, ನಾಣ್ಯ ಪೂರ್ತಿ ಮುಳುಗುವಂತೆ ಇಳಿಸಿ. ಅದು ತಳವನ್ನಾಗಲಿ ಗೋಡೆಯನ್ನಾಗಲಿ ಮುಟ್ಟಬಾರದು.
ಈ. ಈಗ ತಕ್ಕಡಿ ತೋರಿಸುವ ಗ್ರಾಂ ಅಂಕಿ ಎಷ್ಟೋ, ನಾಣ್ಯದ ಗಾತ್ರ ಅಷ್ಟು ಘನ ಸೆಂಟಿಮೀಟರ್. 0.45 ಬಂತು ಎನ್ನೋಣ.

ಏಕೆ ಹೀಗೆ? ನೀರು ನಾಣ್ಯವನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೇ ಬಲದಿಂದ ನಾಣ್ಯ ನೀರನ್ನು ಕೆಳಕ್ಕೆ ಒತ್ತುತ್ತದೆ. ಆ ಬಲ ನಾಣ್ಯ ಸರಿಸಿದ ನೀರಿನ ತೂಕಕ್ಕೆ ಸಮ. ಒಂದು ಘನ ಸೆಂ.ಮೀ. ನೀರು ಒಂದು ಗ್ರಾಂ. ಈ ವಿಧಾನದಲ್ಲಿ ಮಾತ್ರ ತಕ್ಕಡಿಯಿಂದ ಗಾತ್ರ ಓದುವುದು ಸರಿ, ಏಕೆಂದರೆ ತಕ್ಕಡಿ ಅಳೆಯುತ್ತಿರುವುದು ನಿಜಕ್ಕೂ ನೀರನ್ನೇ.

8.00 ಗ್ರಾಂ ÷ 0.45 ಘನ ಸೆಂ.ಮೀ. = 17.8 ಗ್ರಾಂ/ಘನ ಸೆಂ.ಮೀ. 22 ಕ್ಯಾರಟ್ ಚಿನ್ನಕ್ಕೆ ಬರಬೇಕಾದದ್ದು ಇದರ ಆಸುಪಾಸೇ (ಜೊತೆಗೆ ಬೆರೆಸಿದ ಲೋಹ ತಾಮ್ರವೋ ಬೆಳ್ಳಿಯೋ ಎಂಬುದರ ಮೇಲೆ ಸ್ವಲ್ಪ ಬದಲಾಗುತ್ತದೆ). ಆದರೆ ತಕ್ಕಡಿ 0.44 ತೋರಿಸಿದ್ದರೆ ಉತ್ತರ 18.2, 0.46 ತೋರಿಸಿದ್ದರೆ 17.4. ಕೊನೆಯ ಒಂದು ಅಂಕಿ ಅಲುಗಿದರೆ ಇಷ್ಟು ವ್ಯತ್ಯಾಸ. ಆದ್ದರಿಂದ ಇದರಿಂದ ಹಿತ್ತಾಳೆಯನ್ನು ಹಿಡಿಯಬಹುದು, 22 ಕ್ಯಾರಟ್‌ಗೂ 21 ಕ್ಯಾರಟ್‌ಗೂ ಇರುವ ಅಂತರವನ್ನು ನಂಬಿಕೆಯಿಂದ ಹೇಳಲಾಗದು. ಕಲ್ಲು ಕೂರಿಸಿದ, ಒಳಗೆ ಅರಗು ತುಂಬಿದ ಒಡವೆಗಳಿಗೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25, ಅಪ್ಪಟ ಚಿನ್ನದ್ದು 19.3. ಒಳಗೆ ಟಂಗ್‌ಸ್ಟನ್ ಇಟ್ಟ ಗಟ್ಟಿಯನ್ನು ಸಾಂದ್ರತೆಯಿಂದ ಹಿಡಿಯಲಾಗದು. ಹಾಲ್‌ಮಾರ್ಕ್ ನೋಡುವುದನ್ನು ಬಿಡಬೇಡಿ.

5. ಭಾಗಿಸಿ, ಏಕಮಾನವನ್ನೂ ಭಾಗಿಸಿ

ಒಂದು ಜಲ್ಲಿಕಲ್ಲು ತೆಗೆದುಕೊಳ್ಳಿ. ತಕ್ಕಡಿಯಲ್ಲಿ 132 ಗ್ರಾಂ. ಜಾಡಿಯಲ್ಲಿ ನೀರು ಮೊದಲು 60 ಮಿ.ಲೀ., ಕಲ್ಲು ಮುಳುಗಿದ ಮೇಲೆ 109 ಮಿ.ಲೀ.

ಗಾತ್ರ = 109 ಮಿ.ಲೀ. − 60 ಮಿ.ಲೀ. = 49 ಮಿ.ಲೀ. = 49 ಘನ ಸೆಂ.ಮೀ.
ಸಾಂದ್ರತೆ = 132 ಗ್ರಾಂ ÷ 49 ಘನ ಸೆಂ.ಮೀ. = 2.7 ಗ್ರಾಂ/ಘನ ಸೆಂ.ಮೀ.

ಕ್ಯಾಲ್ಕುಲೇಟರ್ 2.693877551 ಎಂದು ತೋರಿಸುತ್ತದೆ. ಅದನ್ನೆಲ್ಲ ಬರೆದರೆ ನಿಖರತೆ ಹೆಚ್ಚಾಗುವುದಿಲ್ಲ. ಜಾಡಿಯ ಓದು ಒಂದು ಮಿ.ಲೀ. ಆಚೀಚೆಯಾಗಿರಬಹುದು, 48 ಆಗಿದ್ದರೆ 2.75, 50 ಆಗಿದ್ದರೆ 2.64. ಎರಡನೆಯ ದಶಮಾಂಶವೇ ಅನುಮಾನವಾಗಿರುವಾಗ ಒಂಬತ್ತನೆಯದನ್ನು ಬರೆಯುವುದು ಹುಸಿ ಜಂಬ. ಅಳತೆಗಳಲ್ಲಿ ಅತ್ಯಂತ ಒರಟಾದದ್ದು ಎಷ್ಟು ಅಂಕಿಗಳನ್ನು ಕೊಟ್ಟಿದೆಯೋ, ಉತ್ತರದಲ್ಲೂ ಅಷ್ಟೇ ಅಂಕಿಗಳನ್ನು ಉಳಿಸಿ.

ಏಕಮಾನವನ್ನು ಬಿಟ್ಟು ಅಂಕಿಯನ್ನಷ್ಟೇ ಗುಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಶಾಲೆಯ ಉದಾಹರಣೆಗಿಂತ ವಿಮಾನದ್ದೇ ಒಳ್ಳೆಯದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನ ಮಾಪಕ ಕೆಟ್ಟಿದ್ದರಿಂದ ಕೈಲೆಕ್ಕವೇ ಗತಿ. ಬೇಕಾಗಿದ್ದದ್ದು 22,300 ಕೆ.ಜಿ. ಇಂಧನ, ಟ್ಯಾಂಕಿನಲ್ಲಿ ಆಗಲೇ 7682 ಲೀಟರ್ ಇತ್ತು. ಲೀಟರನ್ನು ಕೆ.ಜಿ. ಮಾಡಲು ಸಾಂದ್ರತೆಯಿಂದ ಗುಣಿಸಬೇಕು. ಅವರ ಬಳಿಯಿದ್ದ ಅಂಕಿ 1.77. ಗುಣಿಸಿದರು, 13,597 ಬಂತು. ಉಳಿದ 8703 ಕೆ.ಜಿ.ಯನ್ನು ಮತ್ತೆ 1.77ರಿಂದ ಭಾಗಿಸಿ 4917 ಲೀಟರ್ ತುಂಬಿಸಿದರು.

1.77 ಎಂಬುದು ಲೀಟರ್‌ಗೆ ಎಷ್ಟು ಪೌಂಡ್ ಎಂಬ ಲೆಕ್ಕ. ಆ ವಿಮಾನ ಕೆ.ಜಿ.ಯಲ್ಲಿ ಅಳೆಯುವ ಹೊಸ ಮಾದರಿಯದು, ಅದಕ್ಕೆ ಬೇಕಿದ್ದದ್ದು 0.803 ಕೆ.ಜಿ./ಲೀಟರ್. ಸರಿಯಾದ ಲೆಕ್ಕ ಹೀಗಿರಬೇಕಿತ್ತು:

7682 ಲೀಟರ್ × 0.803 ಕೆ.ಜಿ./ಲೀಟರ್ = 6169 ಕೆ.ಜಿ.
22,300 ಕೆ.ಜಿ. − 6169 ಕೆ.ಜಿ. = 16,131 ಕೆ.ಜಿ.
16,131 ಕೆ.ಜಿ. ÷ 0.803 ಕೆ.ಜಿ./ಲೀಟರ್ = 20,088 ಲೀಟರ್

ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹಾರಿದ ವಿಮಾನದ ಎರಡೂ ಎಂಜಿನ್‌ಗಳು ನಡುದಾರಿಯ ಆಕಾಶದಲ್ಲಿ ನಿಂತವು. ಪೈಲಟ್‌ಗಳು ಅದನ್ನು ಗಾಳಿಯಲ್ಲಿ ತೇಲಿಸುತ್ತ ಗಿಮ್ಲಿ ಎಂಬಲ್ಲಿದ್ದ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಮೇಲಿನ ಮೂರು ಸಾಲುಗಳನ್ನು ಇನ್ನೊಮ್ಮೆ ನೋಡಿ. ಮೊದಲ ಸಾಲಿನಲ್ಲಿ ಲೀಟರ್ ಲೀಟರನ್ನು ಕಡಿದು ಕೆ.ಜಿ. ಉಳಿಯುತ್ತದೆ, ಕೊನೆಯದರಲ್ಲಿ ಕೆ.ಜಿ. ಕೆ.ಜಿ.ಯನ್ನು ಕಡಿದು ಲೀಟರ್ ಉಳಿಯುತ್ತದೆ. 1.77ರ ಪಕ್ಕದಲ್ಲಿ ‘ಪೌಂಡ್/ಲೀಟರ್’ ಎಂದು ಬರೆದಿದ್ದರೆ ಮೊದಲ ಸಾಲಿನಲ್ಲೇ ಪೌಂಡ್ ಉಳಿದು ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು.

6. ಸೂತ್ರವನ್ನು ತಿರುಗಿಸಿ ಬಳಸಿ

ನಿಜಜೀವನದಲ್ಲಿ ಸಾಂದ್ರತೆಯನ್ನು ಕಂಡುಹಿಡಿಯುವುದಕ್ಕಿಂತ ಗೊತ್ತಿರುವ ಸಾಂದ್ರತೆಯನ್ನು ಬಳಸುವುದೇ ಹೆಚ್ಚು.

ದ್ರವ್ಯರಾಶಿ = ಸಾಂದ್ರತೆ × ಗಾತ್ರ
ಗಾತ್ರ = ದ್ರವ್ಯರಾಶಿ ÷ ಸಾಂದ್ರತೆ

ಪದೇ ಪದೇ ಬೇಕಾಗುವ ಸಾಂದ್ರತೆಗಳು, ಕೆ.ಜಿ./ಘನ ಮೀಟರ್‌ನಲ್ಲಿ: ನೀರು 1000, ಮಂಜುಗಡ್ಡೆ 917, ಅಡುಗೆ ಎಣ್ಣೆ ಸುಮಾರು 910, ಹಾಲು ಸುಮಾರು 1030, ಗ್ರಾನೈಟ್ ಸುಮಾರು 2700, ಅಲ್ಯೂಮಿನಿಯಂ 2700, ಕಂಬಿ ಸೇರಿದ ಕಾಂಕ್ರೀಟ್ 2500, ಉಕ್ಕು 7850, ತಾಮ್ರ 8960, ಬೆಳ್ಳಿ 10,490, ಸೀಸ 11,340, ಪಾದರಸ 13,600. ಗ್ರಾಂ/ಘನ ಸೆಂ.ಮೀ. ಬೇಕಿದ್ದರೆ ಸಾವಿರದಿಂದ ಭಾಗಿಸಿ.

ಅಡುಗೆಮನೆಯ ಗ್ರಾನೈಟ್ ಹಾಸು. ಅಂಗಡಿಯಲ್ಲಿ ಉದ್ದ 8 ಅಡಿ, ಅಗಲ 2 ಅಡಿ, ದಪ್ಪ 18 ಮಿ.ಮೀ. ಎನ್ನುತ್ತಾರೆ. ಮೂರನ್ನೂ ಹಾಗೆಯೇ ಗುಣಿಸಿದರೆ 288 ಬರುತ್ತದೆ. ಅದು ಯಾವುದರ 288 ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಎಲ್ಲವನ್ನೂ ಮೀಟರ್ ಮಾಡಿ: 2.44 ಮೀ. × 0.61 ಮೀ. × 0.018 ಮೀ. = 0.0268 ಘನ ಮೀ. ಅದನ್ನು 2700 ಕೆ.ಜಿ./ಘನ ಮೀ.ನಿಂದ ಗುಣಿಸಿದರೆ ಸುಮಾರು 72 ಕೆ.ಜಿ. ಇಬ್ಬರು ಸಾಕೇ, ನಾಲ್ವರು ಬೇಕೇ ಎಂಬುದು ಈಗ ನಿಮಗೇ ತಿಳಿಯುತ್ತದೆ.

ಕಂಬಿ. ಮೇಸ್ತ್ರಿಗಳು ಬಾಯಲ್ಲೇ ಹೇಳುವ ಲೆಕ್ಕ ಒಂದಿದೆ: ವ್ಯಾಸವನ್ನು ವ್ಯಾಸದಿಂದ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ಕೆ.ಜಿ. ಸಿಗುತ್ತದೆ. ಈ 162 ಎಲ್ಲಿಂದ ಬಂತು ಎಂದು ಕೇಳುವವರು ಬಹಳ. ಅದು ಉಕ್ಕಿನ ಸಾಂದ್ರತೆಯೇ, ವೇಷ ಬದಲಿಸಿಕೊಂಡಿದೆ. 12 ಮಿ.ಮೀ. ಕಂಬಿ ತೆಗೆದುಕೊಳ್ಳಿ. ತ್ರಿಜ್ಯ 0.006 ಮೀ., ಅಡ್ಡಕೊಯ್ತದ ವಿಸ್ತೀರ್ಣ 3.1416 × 0.006 ಮೀ. × 0.006 ಮೀ. = 0.0001131 ಚದರ ಮೀ. ಒಂದು ಮೀಟರ್ ಉದ್ದಕ್ಕೆ ಗಾತ್ರ 0.0001131 ಘನ ಮೀ. ಇದನ್ನು 7850 ಕೆ.ಜಿ./ಘನ ಮೀ.ನಿಂದ ಗುಣಿಸಿದರೆ 0.888 ಕೆ.ಜಿ. ಈಗ ಮೇಸ್ತ್ರಿಯ ದಾರಿ: 144 ÷ 162 = 0.889. ಎರಡೂ ಒಂದೇ. ಹನ್ನೆರಡು ಮೀಟರ್ ಉದ್ದದ ಒಂದು ಕಂಬಿಗೆ ಸುಮಾರು 10.7 ಕೆ.ಜಿ. ಲಾರಿಯಿಂದ ಇಳಿದ ಕಂಬಿಗಳನ್ನು ಎಣಿಸಿ ಇದರಿಂದ ಗುಣಿಸಿ, ತೂಕದ ಚೀಟಿಯೊಡನೆ ಹೋಲಿಸಿ. ಶೇಕಡಾ ಒಂದೆರಡರಷ್ಟು ವ್ಯತ್ಯಾಸಕ್ಕೆ ಗಲಾಟೆ ಬೇಡ, ಪ್ರಮಾಣಕವೇ ಅಷ್ಟು ಸಡಿಲಿಕೆ ಕೊಡುತ್ತದೆ. ನೆನಪಿಡಿ, 162ರ ಲೆಕ್ಕದಲ್ಲಿ ವ್ಯಾಸ ಮಿಲಿಮೀಟರ್‌ನಲ್ಲೇ ಇರಬೇಕು, ಉತ್ತರ ಮೀಟರ್‌ಗೆ ಕೆ.ಜಿ.; ಅಡಿಯ ಲೆಕ್ಕಕ್ಕೆ ಇದು ಹೊಂದದು. ಅಲ್ಯೂಮಿನಿಯಂ ಸರಳಿಗೂ ಹೊಂದದು.

ಎಣ್ಣೆಯ ಡಬ್ಬ. ಅಂಗಡಿಯಲ್ಲಿ 15 ಲೀಟರ್ ಡಬ್ಬವೂ ಇರುತ್ತದೆ, 15 ಕೆ.ಜಿ. ಡಬ್ಬವೂ ಇರುತ್ತದೆ. 15 ಲೀಟರ್ × 0.91 ಕೆ.ಜಿ./ಲೀಟರ್ = 13.65 ಕೆ.ಜಿ. ಅಂದರೆ ಎರಡರ ನಡುವೆ 1.35 ಕೆ.ಜಿ. ಎಣ್ಣೆಯ ಅಂತರ. ಬೆಲೆ ಹೋಲಿಸುವಾಗ ಎರಡನ್ನೂ ಕೆ.ಜಿ.ಗೆ ತನ್ನಿ. ಕೆ.ಜಿ.ಯೇ ಏಕೆಂದರೆ ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಅದೇ ಎಣ್ಣೆ ಹೆಚ್ಚು ಮಿ.ಲೀ. ತೋರಿಸುತ್ತದೆ, ದ್ರವ್ಯರಾಶಿ ಬದಲಾಗುವುದಿಲ್ಲ. ಕೆಲವು ತಯಾರಕರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಎಂದು ನಮೂದಿಸುತ್ತಿದ್ದ ಕಾರಣಕ್ಕೆ, ಪ್ಯಾಕೆಟ್ ಮೇಲೆ ತಾಪಮಾನ ಹೆಸರಿಸದೆ ಗಾತ್ರವನ್ನೂ ತೂಕವನ್ನೂ ಬರೆಯಬೇಕು, 2023ರ ಜನವರಿ 15ರೊಳಗೆ ಸರಿಪಡಿಸಿಕೊಳ್ಳಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್‌ನಲ್ಲಿ ಸೂಚಿಸಿತು. ಕೊಳ್ಳುವಾಗ ಪೊಟ್ಟಣದ ಮೇಲಿನ ಗ್ರಾಂ ಅಂಕಿ ಓದಿ.

7. ರಾಶಿ ವಸ್ತುಗಳಿಗೆ ಬೇರೆ ಲೆಕ್ಕ

ಮರಳು, ಜಲ್ಲಿ, ಅಕ್ಕಿ, ರಾಗಿ ಇವುಗಳ ಕಣಗಳ ನಡುವೆ ಗಾಳಿ ಇರುತ್ತದೆ. ಒಂದೊಂದು ಕಣದ ಸಾಂದ್ರತೆ ಬೇರೆ, ರಾಶಿಯ ಸಾಂದ್ರತೆ ಬೇರೆ. ಮರಳಿನ ಕಣ 2650 ಕೆ.ಜಿ./ಘನ ಮೀ. ಇದ್ದರೆ ಒಣ ಮರಳಿನ ರಾಶಿ ಸುಮಾರು 1600 ಅಷ್ಟೇ. ಮಕ್ಕಳಿಗೆ ತೋರಿಸಬೇಕಾದರೆ ಒಂದು ಲೋಟ ರಾಗಿಯನ್ನು ತೂಗಿ, ಲೋಟವನ್ನು ನೆಲಕ್ಕೆ ಹತ್ತಾರು ಬಾರಿ ಕುಟ್ಟಿ, ಇಳಿದ ಜಾಗಕ್ಕೆ ಮತ್ತೆ ರಾಗಿ ತುಂಬಿ ತೂಗಿ. ಗಾತ್ರ ಅದೇ, ಗ್ರಾಂ ಹೆಚ್ಚು.

ಮರಳು ಕೊಳ್ಳುವವರಿಗೆ ಇದು ದುಡ್ಡಿನ ವಿಷಯ. ಒಂದು ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್, ಒಣಗಿದ್ದರೆ ಸುಮಾರು 4.5 ಟನ್. ಆದರೆ ಸ್ವಲ್ಪ ತೇವವಿರುವ ಮರಳಿನಲ್ಲಿ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ಅವು ದೂರ ಸರಿಯುತ್ತವೆ, ರಾಶಿ ಉಬ್ಬುತ್ತದೆ. ಘನ ಅಡಿಯಲ್ಲಿ ಕೊಂಡರೆ ಉಬ್ಬಿಗೆ ಹಣ ಕೊಡುತ್ತೀರಿ, ಟನ್ನಿನಲ್ಲಿ ಕೊಂಡರೆ ನೀರಿಗೆ. ಉಬ್ಬು ಎಷ್ಟೆಂದು ನಿಂತ ಜಾಗದಲ್ಲೇ ನೋಡಬಹುದು. ನೇರ ಗೋಡೆಯ ಗಾಜಿನ ಜಾಡಿಯಲ್ಲಿ ತೇವದ ಮರಳನ್ನು ಸಡಿಲವಾಗಿ 200 ಮಿ.ಮೀ. ಎತ್ತರಕ್ಕೆ ತುಂಬಿ. ಅದನ್ನು ಹೊರತೆಗೆದು, ಜಾಡಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ನಿಧಾನವಾಗಿ ಸುರಿದು ಕಲಕಿ, ಕೂರಲು ಬಿಡಿ. ಪೂರ್ತಿ ನೀರಿನಲ್ಲಿ ಮುಳುಗಿದ ಮರಳಿಗೆ ಉಬ್ಬು ಇರುವುದಿಲ್ಲ. ಎತ್ತರ 160 ಮಿ.ಮೀ.ಗೆ ಇಳಿದರೆ ಉಬ್ಬು 40 ÷ 160, ಶೇಕಡಾ 25. ಮಳೆಗಾಲದಲ್ಲಿ ಈ ಪರೀಕ್ಷೆ ಮಾಡದೆ ಘನ ಅಡಿಗೆ ಒಪ್ಪಿಕೊಳ್ಳಬೇಡಿ.

8. ಉತ್ತರ ನಂಬುವ ಮೊದಲು

ನೀರಿನೊಡನೆ ಹೋಲಿಸಿ. ವಸ್ತು ನೀರಿನಲ್ಲಿ ಮುಳುಗಿತು, ನಿಮ್ಮ ಉತ್ತರ 0.37 ಗ್ರಾಂ/ಘನ ಸೆಂ.ಮೀ. ಎಂದಾದರೆ ಭಾಗಾಕಾರ ತಲೆಕೆಳಗಾಗಿದೆ, ಗಾತ್ರವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದೀರಿ. ಗ್ರಾಂ/ಘನ ಸೆಂ.ಮೀ.ನಲ್ಲಿ 23ಕ್ಕಿಂತ ಹೆಚ್ಚು ಬಂದರೂ ತಪ್ಪು; ನಿಸರ್ಗದಲ್ಲಿ ಸಿಗುವ ಲೋಹಗಳಲ್ಲೇ ಅತಿ ಸಾಂದ್ರವಾದ ಆಸ್ಮಿಯಂ 22.6ಕ್ಕೆ ನಿಲ್ಲುತ್ತದೆ.

‘ಸಾಪೇಕ್ಷ ಸಾಂದ್ರತೆ’ ಎಂದು ಕೇಳಿದ್ದರೆ ಅದು ನೀರಿನ ಸಾಂದ್ರತೆಗೆ ಹೋಲಿಸಿದ ಅನುಪಾತ. ಮೇಲೂ ಕೆಳಗೂ ಒಂದೇ ಏಕಮಾನ ಕಡಿದುಹೋಗುವುದರಿಂದ ಅದಕ್ಕೆ ಮಾತ್ರ ಏಕಮಾನ ಬರೆಯಬಾರದು. ಡೈರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರ್ ಓದುವುದು ಇದನ್ನೇ: 30 ಎಂದು ತೋರಿಸಿದರೆ 1.030 ಎಂದರ್ಥ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಜಿಡ್ಡು ಹಾಲಿಗಿಂತ ಹಗುರ. ಕೆನೆ ತೆಗೆದು ಅದಕ್ಕೆ ತಕ್ಕಷ್ಟು ನೀರು ಹಾಕಿದವರು ಬರೀ ಲ್ಯಾಕ್ಟೋಮೀಟರಿಗೆ ಸಿಕ್ಕಿಬೀಳುವುದಿಲ್ಲ. ಸಂಘದಲ್ಲಿ ಜಿಡ್ಡಿನ ಅಂಶವನ್ನು ಬೇರೆಯಾಗಿ ಪರೀಕ್ಷಿಸುವುದು ಆದ್ದರಿಂದಲೇ.

ತಾಪಮಾನ ಯಾವಾಗ ಮುಖ್ಯ? ಕಲ್ಲು, ಲೋಹಗಳಿಗೆ ಮನೆಯ ಅಳತೆಯಲ್ಲಿ ಬೇಕಿಲ್ಲ. 30 ಡಿಗ್ರಿಯ ನೀರು 0.996 ಗ್ರಾಂ/ಘನ ಸೆಂ.ಮೀ., ಅದನ್ನು 1 ಎಂದರೆ ನಷ್ಟವಿಲ್ಲ. ಪೆಟ್ರೋಲ್ ವಿಷಯದಲ್ಲಿ ಮಾತ್ರ ಖಂಡಿತ ಬೇಕು. ನಮ್ಮ ದೇಶದ ಮಾನಕದಂತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ರೋಲ್ ಸಾಂದ್ರತೆ 720ರಿಂದ 775 ಕೆ.ಜಿ./ಘನ ಮೀ. ಒಳಗಿರಬೇಕು. ಬಂಕ್‌ನಲ್ಲಿ ನಮೂದಿಸುವ ಅಂಕಿಯೂ 15 ಡಿಗ್ರಿಗೆ ಇಳಿಸಿದ್ದೇ. ನೀವು ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಸಾಧನ) ಕೇಳಿ 32 ಡಿಗ್ರಿಯ ಬಿಸಿಲಿನಲ್ಲಿ ಅಳೆದರೆ ಫಲಕದಲ್ಲಿರುವುದಕ್ಕಿಂತ ಹದಿನೈದರಷ್ಟು ಕಡಿಮೆ ಬರುವುದು ಸಹಜ, ಏಕೆಂದರೆ ಪ್ರತಿ ಡಿಗ್ರಿಗೆ ಸುಮಾರು 0.8ರಿಂದ 0.9 ಕೆ.ಜಿ./ಘನ ಮೀ. ಇಳಿಯುತ್ತದೆ. ಜಾರ್‌ನಲ್ಲಿ ಥರ್ಮಾಮೀಟರನ್ನೂ ಇಳಿಸಿ, ಬಂಕ್‌ನಲ್ಲಿರುವ ಪರಿವರ್ತನಾ ಕೋಷ್ಟಕದಿಂದ 15 ಡಿಗ್ರಿಯ ಅಂಕಿ ತೆಗೆದು, ಆಮೇಲೆ ಹೋಲಿಸಿ. ಆಗಲೂ 3 ಕೆ.ಜಿ./ಘನ ಮೀ.ಗಿಂತ ಹೆಚ್ಚು ಅಂತರ ಕಂಡರೆ ದೂರು ಪುಸ್ತಕ ಕೇಳಿ, ಅಳೆದ ಸಾಂದ್ರತೆ, ತಾಪಮಾನ ಎರಡನ್ನೂ ಏಕಮಾನ ಸಹಿತ ಬರೆಯಿರಿ.